ನಿಲ್ಲಲೂಬೇಕು, ಕರಗಲೂಬೇಕು

2022ರ ಮೇ 4ರಿಂದ ಅಮೆರಿಕದ ನ್ಯೂಜೆರ್ಸಿ ರಾಜ್ಯದ ಅಂಗಡಿಗಳು ಗಿರಾಕಿಗಳಿಗೆ ಪ್ಲಾಸ್ಟಿಕ್ ಕೈಚೀಲ ಕೊಡುವಂತಿಲ್ಲ. ಆಗಿನ ಗವರ್ನರ್ ಫಿಲ್ ಮರ್ಫಿ 2020ರ ನವೆಂಬರಿನಲ್ಲಿ ಸಹಿ ಹಾಕಿದ ಆ ಕಾನೂನು ದೊಡ್ಡ ದಿನಸಿ ಅಂಗಡಿಗಳಲ್ಲಿ ಕಾಗದದ ಚೀಲವನ್ನೂ ನಿಲ್ಲಿಸಿತು. ತಮಾಷೆಯೆಂದರೆ ಕಾನೂನು ಜಾರಿಗೆ ಬಂದ ತಿಂಗಳೇ ಅಲ್ಲಿ ಗಿಡ ನೆಡುವ ತಿಂಗಳು. ಇಬ್ಬನಿ ಹೆಪ್ಪುಗಟ್ಟುವ ರಾತ್ರಿಗಳು ಮುಗಿದು ಮಣ್ಣು ಬೆಚ್ಚಗಾಗುವ ಆ ಕೆಲವು ವಾರ ಪ್ರಿನ್ಸ್‌ಟನ್ ಪಕ್ಕದ ರೂಟ್ 1 ಹೆದ್ದಾರಿಯುದ್ದಕ್ಕೂ ಇರುವ ಅಂಗಡಿಗಳ ಗಿಡದ ವಿಭಾಗದಲ್ಲಿ ಜಾತ್ರೆ ನೆರೆಯುತ್ತದೆ. ಟೊಮೆಟೊ, ಮೆಣಸು, ಬದನೆ, ಪೆಟೂನಿಯಾ, ಚೆಂಡುಹೂವು. ಮನೆಯಿಂದ ಬಟ್ಟೆಚೀಲ ತಂದ ಸಾತ್ವಿಕ ಗಿರಾಕಿ ಅದರೊಳಗೆ ಒಂದು ಬೀಜದ ಪೊಟ್ಟಣ ಇಟ್ಟುಕೊಂಡು, ಕೈಗಾಡಿಯಲ್ಲಿ ಹನ್ನೆರಡು ಕಪ್ಪು ಪ್ಲಾಸ್ಟಿಕ್ ಕುಂಡಗಳನ್ನೂ ಅವನ್ನು ಜೋಡಿಸಿದ ಪ್ಲಾಸ್ಟಿಕ್ ತಟ್ಟೆಯನ್ನೂ ತಳ್ಳಿಕೊಂಡು ಹೊರಡುತ್ತಾನೆ. ಸಂಜೆಯ ಹೊತ್ತಿಗೆ ಸಸಿ ನೆಲದಲ್ಲಿರುತ್ತದೆ, ಕುಂಡ ಕಸದಲ್ಲಿರುತ್ತದೆ.

ಕರ್ನಾಟಕದ ಕಾನೂನಿನಲ್ಲೂ ಇದೇ ಕಿಂಡಿ ಇದೆ. 2016ರ ಮಾರ್ಚ್ 11ರ ಅಧಿಸೂಚನೆ ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟ, ಬ್ಯಾನರ್, ಬಂಟಿಂಗ್‌ಗಳನ್ನೆಲ್ಲ ನಿಷೇಧಿಸಿತು. ಆದರೆ ಸರ್ಕಾರಿ ಇಲಾಖೆಗಳ ಬೇಡಿಕೆಯ ಮೇಲೆ ಅರಣ್ಯ ಮತ್ತು ತೋಟಗಾರಿಕೆ ನರ್ಸರಿಗಳಿಗೆ ಪೂರೈಸುವ ಚೀಲಗಳಿಗೆ ವಿನಾಯಿತಿ ಕೊಟ್ಟಿತು. ಕಾಡು ಬೆಳೆಸಲು ಹೊರಟ ಸಸಿಯೇ ಪ್ಲಾಸ್ಟಿಕ್‌ನಲ್ಲಿ ಹುಟ್ಟಬೇಕಲ್ಲ ಎಂದು ಗೇಲಿ ಮಾಡುವುದು ಸುಲಭ. ಆದರೆ ಅಧಿಸೂಚನೆ ಬರೆದವರು ದಡ್ಡರಲ್ಲ. ಲಕ್ಷಗಟ್ಟಲೆ ಸಸಿಗಳನ್ನು ಮಳೆಗಾಲದವರೆಗೆ ಸಾಕಿ, ಲಾರಿಯಲ್ಲಿ ಹೇರಿ, ಗುಡ್ಡದ ಮೇಲೆ ಇಳಿಸುವ ತನಕ ಹಿಡಿದುಕೊಳ್ಳುವ ಬೇರೊಂದು ವಸ್ತು ಆ ಬೆಲೆಗೆ ಅವರ ಮುಂದಿರಲಿಲ್ಲ. ಇಂದಿಗೂ ಸುಲಭಕ್ಕೆ ಸಿಗುವುದಿಲ್ಲ. ಯಾಕೆ ಸಿಗುವುದಿಲ್ಲ ಎಂಬುದು ಈ ಬರಹದ ವಿಷಯ.

ನ್ಯೂಜೆರ್ಸಿಯ ವಾಹನಗಳ ನಂಬರ್ ಪ್ಲೇಟಿನ ಮೇಲೆ ‘ಗಾರ್ಡನ್ ಸ್ಟೇಟ್’ ಎಂದು ಬರೆದಿರುತ್ತದೆ. ಕಾರ್ಖಾನೆಯ ಚಿಮಣಿಗಳನ್ನು ಮಾತ್ರ ಕಂಡವರಿಗೆ ಇದು ಪರಿಹಾಸ್ಯ ಅನ್ನಿಸಬಹುದು. ಆದರೆ ಆ ರಾಜ್ಯದ ಕೃಷಿಯಲ್ಲಿ ಹಣದ ಲೆಕ್ಕಕ್ಕೆ ಮೊದಲ ಸ್ಥಾನ ನರ್ಸರಿ ಮತ್ತು ಹಸಿರುಮನೆಯದೇ. ಪ್ಲಾಸ್ಟಿಕ್ಕಿನ ತೊಟ್ಟಿಲೂ ಅಲ್ಲೇ ಅಕ್ಕಪಕ್ಕದಲ್ಲಿತ್ತು. 1870ರ ದಶಕದಲ್ಲಿ ಜಾನ್ ವೆಸ್ಲಿ ಹಯಾಟ್ ಸೆಲ್ಯುಲಾಯ್ಡ್ ಕಾರ್ಖಾನೆ ನಡೆಸಿದ್ದು ನೆವಾರ್ಕ್‌ನಲ್ಲಿ. 1907ರಲ್ಲಿ ಲಿಯೋ ಬೇಕ್‌ಲ್ಯಾಂಡ್ ಬೇಕಲೈಟ್ ಕಂಡುಹಿಡಿದದ್ದು ನ್ಯೂಯಾರ್ಕ್ ಮಗ್ಗುಲಿನ ಯಾಂಕರ್ಸ್‌ನಲ್ಲಿ. ಅದರ ಕಾರ್ಖಾನೆ ಬಂದದ್ದು ನ್ಯೂಜೆರ್ಸಿಯ ಪರ್ತ್ ಆಂಬಾಯ್‌ಗೆ, ಆಮೇಲೆ ಬೌಂಡ್ ಬ್ರೂಕ್‌ಗೆ. ಹೂವಿನ ಕುಂಡಕ್ಕೆ ಪ್ಲಾಸ್ಟಿಕ್ ಕಾಲಿಟ್ಟದ್ದು ಮಾತ್ರ ಎರಡನೇ ಮಹಾಯುದ್ಧ ಮುಗಿದ ಮೇಲೆ.

ಅದಕ್ಕೆ ಮುಂಚೆ ಏನಿತ್ತು? ಪ್ರಿನ್ಸ್‌ಟನ್‌ನಿಂದ ಕೆಲವೇ ಕಿಲೋಮೀಟರ್ ದೂರದ ಕಿಂಗ್‌ಸ್ಟನ್‌ನಲ್ಲಿ ಇದಕ್ಕೊಂದು ಉತ್ತರವಿದೆ. ಅಲ್ಲಿ ಫ್ಲೆಮರ್ ಕುಟುಂಬ 1910ರ ದಶಕದಲ್ಲಿ ಆರಂಭಿಸಿದ ಪ್ರಿನ್ಸ್‌ಟನ್ ನರ್ಸರೀಸ್ ಒಂದು ಕಾಲಕ್ಕೆ ಅಮೆರಿಕದ ಅತಿ ದೊಡ್ಡ ನರ್ಸರಿಗಳಲ್ಲಿ ಒಂದಾಗಿತ್ತು. 1922ರಲ್ಲಿ ಅದು ಹೊರತಂದ ‘ಪ್ರಿನ್ಸ್‌ಟನ್’ ಎಲ್ಮ್ ಮರ, ಮುಂದೆ ಡಚ್ ಎಲ್ಮ್ ರೋಗ ಬಂದು ಅಮೆರಿಕದ ಬೀದಿಗಳ ಎಲ್ಮ್‌ಗಳಲ್ಲಿ ಬಹುಪಾಲು ಸತ್ತಾಗ, ತಾಳಿಕೊಂಡು ನಿಂತ ಬೆರಳೆಣಿಕೆಯ ತಳಿಗಳಲ್ಲಿ ಒಂದು. 2005ರಲ್ಲಿ ವಾಷಿಂಗ್ಟನ್ನಿನ ಶ್ವೇತಭವನದ ಮುಂದಿನ ಪೆನ್ಸಿಲ್ವೇನಿಯಾ ಅವೆನ್ಯೂದಲ್ಲಿ ನೆಟ್ಟದ್ದು ಇದೇ ತಳಿಯನ್ನು. ಕಿಂಗ್‌ಸ್ಟನ್ನಿನ ನರ್ಸರಿ ಈಗಿಲ್ಲ. ಅದರ ಒಂದು ಭಾಗ ಮೇಪಲ್ಟನ್ ಪ್ರಿಸರ್ವ್ ಎಂಬ ಸಾರ್ವಜನಿಕ ವನವಾಗಿದೆ. ಸಾಲು ಹಿಡಿದು ನಿಂತ ಹಳೆಯ ಮರಗಳ ನಡುವೆ ಜನ ನಾಯಿ ಹಿಡಿದು ನಡೆಯುತ್ತಾರೆ.

ಅಂಥ ನರ್ಸರಿಗಳಲ್ಲಿ ಮರದ ಗಿಡ ಬೆಳೆಯುತ್ತಿದ್ದದ್ದು ಹೊಲದಲ್ಲಿ. ಚಳಿಗಾಲದಲ್ಲಿ ಎಲೆಯುದುರಿ ಗಿಡ ನಿದ್ದೆಯಲ್ಲಿರುವಾಗ ಸಣ್ಣವನ್ನು ಮಣ್ಣು ಕೊಡವಿ ಬರಿಬೇರಿನಲ್ಲೇ ಕಿತ್ತು, ಕಟ್ಟು ಕಟ್ಟಿ ರೈಲಿಗೆ ಹಾಕುತ್ತಿದ್ದರು. ದೊಡ್ಡವನ್ನು ಬುಡದ ಸುತ್ತ ಅಗೆದು, ಮಣ್ಣಿನ ಹೆಂಟೆಯ ಸಮೇತ ಎತ್ತಿ, ಗೋಣಿಪಟ್ಟೆ ಸುತ್ತಿ, ಹುರಿಯಿಂದ ಬಿಗಿಯುತ್ತಿದ್ದರು. ಆ ಗೋಣಿಯ ಸೆಣಬು ಬಂಗಾಳದ್ದು. ಗಂಗೆಯ ಮುಖಜ ಭೂಮಿಯಲ್ಲಿ ಕೊಳೆಹಾಕಿ ತೆಗೆದ ನಾರು ಹೂಗ್ಲಿ ದಂಡೆಯ ಗಿರಣಿಗಳಲ್ಲಿ ಬಟ್ಟೆಯಾಗಿ, ಹಡಗೇರಿ ಬಂದು, ನ್ಯೂಜೆರ್ಸಿಯ ಮರಕ್ಕೆ ಕುಂಡವಾಗುತ್ತಿತ್ತು. ಗುಂಡಿಯಲ್ಲಿಟ್ಟು ಮಣ್ಣು ಮುಚ್ಚಿದರೆ ಒಂದೆರಡು ವರ್ಷದಲ್ಲಿ ಅದೂ ಮಣ್ಣು. ಮಣ್ಣಿನಲ್ಲಿ ಕರಗುವ ಕುಂಡ ಇಪ್ಪತ್ತೊಂದನೇ ಶತಮಾನದ ಶೋಧ ಎಂದು ಮಾರುವವರು ಇದನ್ನು ಮರೆಯುತ್ತಾರೆ.

ಆ ಪದ್ಧತಿ ಸೋತದ್ದು ಕರಗದಿರುವ ಕಾರಣಕ್ಕಲ್ಲ. ಅಗೆದಾಗ ಬೇರಿನ ಬಹುಭಾಗ ಹೊಲದಲ್ಲೇ ಉಳಿಯುತ್ತಿತ್ತು. ಅಗೆಯಲು ನುರಿತ ಆಳು ಬೇಕಿತ್ತು. ಎಲ್ಲಕ್ಕಿಂತ ಮುಖ್ಯವಾಗಿ ವರ್ಷದಲ್ಲಿ ಕೆಲವೇ ವಾರ ಮಾರಬಹುದಿತ್ತು. ಯುದ್ಧದ ನಂತರ ಉಪನಗರಗಳು ಎದ್ದವು, ಮನೆಮನೆಗೆ ಕಾರು ಬಂತು, ಭಾನುವಾರ ಮಧ್ಯಾಹ್ನ ಡಿಕ್ಕಿಯಲ್ಲಿಟ್ಟು ಒಯ್ಯಬಲ್ಲ ಗಿಡ ಬೇಕಾಯಿತು. ಮಣ್ಣಿನ ಕುಂಡ ಭಾರ, ಬಿದ್ದರೆ ಒಡೆಯುತ್ತದೆ. ಪ್ಲಾಸ್ಟಿಕ್ ಕುಂಡ ಹಗುರ, ಒಂದರೊಳಗೊಂದು ಕೂರುತ್ತದೆ, ಯಂತ್ರದ ಬಾಯಿಗೆ ಕೊಟ್ಟರೆ ಸಾಲಾಗಿ ಮಣ್ಣು ತುಂಬಿಕೊಂಡು ಬರುತ್ತದೆ. ಬೆಲೆ ಕೆಲವು ಸೆಂಟು. ಐಯೋವಾ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರ ಅಂದಾಜಿನಂತೆ ಅಮೆರಿಕದ ಗಿಡದ ಉದ್ಯಮ ವರ್ಷಕ್ಕೆ ಬಳಸುವ ಕುಂಡಗಳು ಸುಮಾರು 400 ಕೋಟಿ, ಅವುಗಳ ಪ್ಲಾಸ್ಟಿಕ್ ಸುಮಾರು 75 ಕೋಟಿ ಕಿಲೋ.

ಮರುಬಳಕೆಗೆ ಹೋಗುವುದು ಅದರಲ್ಲಿ ಅತ್ಯಲ್ಪ. ಕಾರಣ ಬಣ್ಣ. ಬೇರಿಗೆ ಬೆಳಕು ತಾಗದಿರಲೆಂದು, ಬಿಸಿಲಿಗೆ ಪ್ಲಾಸ್ಟಿಕ್ ಹಾಳಾಗದಿರಲೆಂದು, ಹಳೆಯ ಪ್ಲಾಸ್ಟಿಕ್ಕಿನ ನಾನಾ ಬಣ್ಣ ಮುಚ್ಚಲೆಂದು ಕುಂಡಕ್ಕೆ ಕಾರ್ಬನ್ ಬ್ಲ್ಯಾಕ್ ಎಂಬ ಮಸಿ ಬೆರೆಸುತ್ತಾರೆ. ಕಸ ವಿಂಗಡಿಸುವ ಕಾರ್ಖಾನೆಗಳು ಅವಕೆಂಪು ಬೆಳಕು ಬಿಟ್ಟು, ಮರಳಿ ಬಂದ ಬೆಳಕಿನಿಂದ ಇದು ಯಾವ ಪ್ಲಾಸ್ಟಿಕ್ ಎಂದು ಗುರುತಿಸುತ್ತವೆ. ಮಸಿ ಆ ಬೆಳಕನ್ನು ನುಂಗಿಬಿಡುತ್ತದೆ. ಯಂತ್ರದ ಕಣ್ಣಿಗೆ ಕಪ್ಪು ಕುಂಡ ಇಲ್ಲವೇ ಇಲ್ಲ. ಜೊತೆಗೆ ಅಂಟಿದ ಮಣ್ಣು, ಬೇರು. ತೊಳೆಯುವ ಖರ್ಚು ಹೊಸ ಕುಂಡದ ಬೆಲೆಗಿಂತ ಹೆಚ್ಚು. ರೋಗದ ಶಿಲೀಂಧ್ರ ಉಳಿದುಬಿಟ್ಟರೆ ಎಂಬ ಭಯಕ್ಕೆ ಬೆಳೆಗಾರರು ಹಳೆಯದನ್ನು ಮತ್ತೆ ಬಳಸಲು ಹಿಂಜರಿಯುತ್ತಾರೆ.

ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಮೊದಲ ವರ್ಷದ ವಿದ್ಯಾರ್ಥಿ ಟಾಮ್ ಸಾಕಿ 2001ರಲ್ಲಿ ಆರಂಭಿಸಿದ ಟೆರಾಸೈಕಲ್ ಕಂಪನಿಯ ಕಥೆಯೂ ಇಲ್ಲಿಗೇ ಸುತ್ತಿಕೊಳ್ಳುತ್ತದೆ. ಊಟದ ಮನೆಯಲ್ಲಿ ಉಳಿದದ್ದನ್ನು ಎರೆಹುಳುಗಳಿಗೆ ತಿನ್ನಿಸಿ, ಬಂದ ಗೊಬ್ಬರವನ್ನು ದ್ರವ ಮಾಡಿ, ಬಳಸಿ ಬಿಸುಟ ಸೋಡಾ ಬಾಟಲಿಗಳಲ್ಲಿ ತುಂಬಿ ಮಾರಿದರು. ಗೊಬ್ಬರದಷ್ಟೇ ಬಾಟಲಿಯೂ ಸುದ್ದಿಯಾಯಿತು. ಟ್ರೆಂಟನ್‌ನಲ್ಲಿ ನೆಲೆಸಿದ ಆ ಕಂಪನಿ ಈಗ ಹೆಸರು ಮಾಡಿರುವುದು ಯಾರೂ ಮುಟ್ಟದ ಪ್ಲಾಸ್ಟಿಕ್ ಕಸವನ್ನು ಸಂಗ್ರಹಿಸಿ ಮರುಬಳಸುವುದರಲ್ಲಿ. ಎರೆಗೊಬ್ಬರದಿಂದ ಹೊರಟವರೂ ಕೊನೆಗೆ ಬಂದು ನಿಂತದ್ದು ಗೊಬ್ಬರ ತುಂಬುವ ಪಾತ್ರೆಯ ಎದುರಿಗೆ.

ಇನ್ನು ಬದಲಿ ಕುಂಡದ ವಿನ್ಯಾಸಕ್ಕೆ ಬರೋಣ. ನಾವು ಅದಕ್ಕೆ ಹೇಳುವ ಕೆಲಸ ಎರಡು, ಒಂದಕ್ಕೊಂದು ವಿರುದ್ಧ. ಹಸಿರುಮನೆಯಲ್ಲಿ ದಿನಾ ನೀರು ಬೀಳುವಾಗ, ಬೆಚ್ಚಗಿನ ತೇವದಲ್ಲಿ, ಗೊಬ್ಬರದ ನಡುವೆ ವಾರಗಟ್ಟಲೆ ಗಟ್ಟಿಯಾಗಿ ನಿಲ್ಲಬೇಕು. ನೆಲಕ್ಕಿಟ್ಟ ಕೂಡಲೇ ಮೆತ್ತಗಾಗಿ ಬೇರಿಗೆ ದಾರಿ ಬಿಟ್ಟು, ಅದೇ ತೇವ, ಅದೇ ಬೆಚ್ಚನೆ, ಅದೇ ಗೊಬ್ಬರದಲ್ಲಿ ಕರಗಬೇಕು. ಕೊಳೆಸುವ ಸೂಕ್ಷ್ಮಜೀವಿಗಳಿಗೆ ನರ್ಸರಿ ಯಾವುದು, ತೋಟ ಯಾವುದು ಎಂಬ ಭೇದವಿಲ್ಲ. ಹಾಗಾಗಿ ವಿನ್ಯಾಸಕಾರ ಮೊದಲು ತೀರ್ಮಾನಿಸಬೇಕಾದದ್ದು ಕುಂಡ ಎಷ್ಟು ದಿನ ಬದುಕಬೇಕು ಎಂಬುದನ್ನು. ವಸ್ತು ಆಮೇಲಿನ ಮಾತು. ಈ ಕ್ಷೇತ್ರದ ಸೋಲುಗಳಲ್ಲಿ ಹೆಚ್ಚಿನವು ಆ ಪ್ರಶ್ನೆಯನ್ನು ಕೊನೆಗೆ ಕೇಳಿದ್ದರಿಂದ ಬಂದವು ಎಂಬುದು ನನ್ನ ಅನಿಸಿಕೆ.

ಹಳೆಯ ಬದಲಿ ಎಂದರೆ ಪೀಟ್ ಕುಂಡ. ಜೌಗುನೆಲದ ಪಾಚಿ ಸಾವಿರಾರು ವರ್ಷ ಒತ್ತಿಕೊಂಡು ಆದ ಪೀಟ್‌ಗೆ ಮರದ ತಿರುಳು ಬೆರೆಸಿ ಒತ್ತಿದ ಕಂದು ಕುಂಡಗಳನ್ನು ನಾರ್ವೆಯ ಜಿಫಿ ಕಂಪನಿ 1950ರ ದಶಕದಿಂದ ಜಗತ್ತಿಗೆಲ್ಲ ಪರಿಚಯಿಸಿತು. ಅದರದೊಂದು ತುಂಟತನ ಬಳಸಿದವರಿಗೆ ಗೊತ್ತು. ನೆಡುವಾಗ ಅಂಚು ಮಣ್ಣಿನಿಂದ ಮೇಲೆ ಒಂದಿಷ್ಟು ಉಳಿದರೆ ಅದು ಬತ್ತಿಯಾಗಿ ಒಳಗಿನ ನೀರನ್ನೆಲ್ಲ ಗಾಳಿಗೆ ಎಳೆದುಬಿಡುತ್ತದೆ. ಸುತ್ತಲಿನ ನೆಲ ಹಸಿಯಾಗಿದ್ದರೂ ಗಿಡ ಬಾಡುತ್ತದೆ. ಕುಂಡದ ಗೋಡೆ ಒಣಗಿ ಬಿರುಸಾದರೆ ಬೇರು ಹೊರಬರಲಾರದೆ ಒಳಗೇ ಸುತ್ತುತ್ತದೆ. ಅಂಚು ಹರಿದು, ತಳ ಸೀಳಿ ನೆಡಿ ಎಂದು ಅನುಭವಸ್ಥರು ಹೇಳುವುದು ಇದಕ್ಕೇ. ಮೇಲಾಗಿ ಪೀಟ್ ಒಂದು ಮೀಟರ್ ಕೂಡಲು ಸುಮಾರು ಸಾವಿರ ವರ್ಷ ಬೇಕು. ಜೌಗನ್ನು ಅಗೆದು ಪ್ಲಾಸ್ಟಿಕ್ ಉಳಿಸುವುದರಲ್ಲಿ ಅಂಥ ಪುಣ್ಯವೇನೂ ಇಲ್ಲ.

ಹೆಚ್ಚು ಸ್ವಾರಸ್ಯದ್ದು ನ್ಯೂಯಾರ್ಕ್‌ನ ನೆರೆಯ ಕನೆಕ್ಟಿಕಟ್‌ನ ಈಸ್ಟ್ ಕೇನನ್ ಎಂಬ ಊರಿನದು. ಅಲ್ಲಿನ ಫ್ರಾಯಿಂಡ್ ಕುಟುಂಬದ ಡೈರಿಗೆ ಹಾಲಿಗಿಂತ ದೊಡ್ಡ ಚಿಂತೆ ಸಗಣಿಯದು. ಹೊಲಕ್ಕೆ ಹೆಚ್ಚು ಹಾಕಿದರೆ ಅದರ ಸಾರಜನಕ, ರಂಜಕ ಹೊಳೆಗೆ ಇಳಿಯುತ್ತವೆ. ಮ್ಯಾಥ್ಯೂ ಫ್ರಾಯಿಂಡ್ ಸಗಣಿಯನ್ನು ಮುಚ್ಚಿದ ತೊಟ್ಟಿಯಲ್ಲಿ ಕೊಳೆಸಿ, ನೀರು ಹಿಂಡಿ, ಉಳಿದ ನಾರನ್ನು ಬಿಸಿ ಅಚ್ಚಿನಲ್ಲಿ ಒತ್ತಿ ಕುಂಡ ಮಾಡಿದ. ಹಲವು ವರ್ಷದ ಪ್ರಯೋಗದ ನಂತರ ‘ಕೌಪಾಟ್ಸ್’ ಹೆಸರಿನಲ್ಲಿ 2000ರ ದಶಕದ ಮಧ್ಯದಲ್ಲಿ ಅದು ಮಾರುಕಟ್ಟೆಗೆ ಬಂತು. ವಾಸನೆಯಿಲ್ಲ, ಅಂಟು ಬೆರೆಸಿಲ್ಲ. ಹುಲ್ಲಿನಲ್ಲಿ ಸುಲಭಕ್ಕೆ ಜೀರ್ಣವಾಗುವುದನ್ನು ಹಸುವಿನ ಹೊಟ್ಟೆ ಆಗಲೇ ತೆಗೆದುಕೊಂಡಿರುತ್ತದೆ. ಕುಂಡಕ್ಕೆ ಬೇಕಾದ ಗಟ್ಟಿ ನಾರು ಮಾತ್ರ ಉಳಿದಿರುತ್ತದೆ. ಬೆರಣಿ ತಟ್ಟಿದ ಯಾವ ಅಜ್ಜಿಗೂ ಈ ತಂತ್ರ ವಿವರಿಸಬೇಕಾಗಿಲ್ಲ. ಅಮೆರಿಕದಲ್ಲೂ ಇದು ತೀರಾ ಹೊಸತಲ್ಲ: ಈಗ ಕನ್ನಡದ ಮನೆಗಳೂ ಸಾಕಷ್ಟಿರುವ ಪ್ರಿನ್ಸ್‌ಟನ್ ಪಕ್ಕದ ಪ್ಲೇನ್ಸ್‌ಬರೋದಲ್ಲಿ, ತಿರುಗುವ ವೇದಿಕೆಯ ಮೇಲೆ ಹಸುಗಳನ್ನು ನಿಲ್ಲಿಸಿ ಹಾಲು ಕರೆಯುವ ಯಂತ್ರವನ್ನು 1930ರಲ್ಲಿ ಸ್ಥಾಪಿಸಿದ ವಾಕರ್-ಗಾರ್ಡನ್ ಡೈರಿ, ಒಣಗಿಸಿದ ಸಗಣಿಯನ್ನು ‘ಬೋವಂಗ್’ ಎಂಬ ಹೆಸರಿಟ್ಟು ಮೂಟೆ ಕಟ್ಟಿ ಮಾರುತ್ತಿತ್ತು.

ಸಗಣಿ, ಪೀಟ್, ತೆಂಗಿನ ನಾರು, ಭತ್ತದ ಉಮಿ, ಹುಲ್ಲು, ಕಾಗದದ ತಿರುಳು, ಮೆಕ್ಕೆಜೋಳದ ಪ್ಲಾಸ್ಟಿಕ್ ಎಲ್ಲವನ್ನೂ ಸಾಲಿಟ್ಟು ಪರೀಕ್ಷಿಸುವ ಕೆಲಸವನ್ನು ಅಮೆರಿಕದ ಹಲವು ಕೃಷಿ ವಿಶ್ವವಿದ್ಯಾಲಯಗಳು 2010ರ ಸುಮಾರಿನಿಂದ ಒಟ್ಟಾಗಿ ಮಾಡಿವೆ. ಮೊದಲ ಪರೀಕ್ಷೆ ಬಲದ್ದು. ಒಣ ಕುಂಡವನ್ನು ಮೇಲಿನಿಂದ, ಪಕ್ಕದಿಂದ ಒತ್ತಿ ಯಾವ ಭಾರಕ್ಕೆ ಕುಸಿಯುತ್ತದೆ ನೋಡುವುದು; ನೆನೆಸಿ ಮತ್ತೆ ಒತ್ತುವುದು. ಆರ್ಕನ್ಸಾ ವಿಶ್ವವಿದ್ಯಾಲಯದ ಮೈಕಲ್ ಇವಾನ್ಸ್ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಅಳತೆಗಳಲ್ಲಿ ಉಮಿಯ ಕುಂಡ ಒದ್ದೆಯಾದರೂ ಗಟ್ಟಿಯಾಗಿ ನಿಂತಿತು. ಪೀಟ್, ಸಗಣಿ, ಮರದ ನಾರಿನವು ಒಣಗಿದ್ದಾಗ ಪರವಾಗಿಲ್ಲ, ನೆನೆದಾಗ ಬಲ ಬಹುಪಾಲು ಹೋಯಿತು. ನರ್ಸರಿಯಲ್ಲಿ ಕುಂಡ ಎತ್ತುವುದು ನೆನೆದಾಗಲೇ ತಾನೇ. ಕೆಲಸದಾಕೆ ಬೆಳಗ್ಗೆ ನೀರು ಹಾಕಿ ಮಧ್ಯಾಹ್ನ ಎತ್ತಿದರೆ ತಳ ಕೈಯಲ್ಲೇ ಬರುತ್ತದೆ.

ಎರಡನೆಯದು ನೀರು. ಗಾಳಿಯಾಡುವ ಗೋಡೆಯಿಂದ ನೀರು ಆವಿಯಾಗುತ್ತದೆ. ಅದರಿಂದ ಬೇರು ತಂಪಾಗಿರುತ್ತದೆ. ಬೇಸಿಗೆಯಲ್ಲಿ ಬಿಸಿಲಿಗೆ ಮುಖ ಮಾಡಿದ ಕಪ್ಪು ಪ್ಲಾಸ್ಟಿಕ್ ಕುಂಡದ ಒಳಮಣ್ಣು 45 ಡಿಗ್ರಿ ದಾಟಿ ಆ ಪಕ್ಕದ ಬೇರೆಲ್ಲ ಬೇಯುವುದನ್ನು ನೋಡಿದವರಿಗೆ ಇದು ದೊಡ್ಡ ಲಾಭ. ಗೋಡೆ ತಲುಪಿದ ಬೇರಿನ ತುದಿ ಗಾಳಿಗೆ ಒಣಗಿ ನಿಂತು, ಹಿಂದಿನಿಂದ ಕವಲೊಡೆಯುವುದರಿಂದ ಪ್ಲಾಸ್ಟಿಕ್‌ನಲ್ಲಿ ಕಾಣುವ ಸುರುಳಿ ಬೇರಿನ ಕಾಟವೂ ಕಡಿಮೆ. ಆದರೆ ಅದೇ ಕಾರಣಕ್ಕೆ ಪೀಟ್, ಹುಲ್ಲು, ಸಗಣಿ, ಮರದ ನಾರಿನ ಕುಂಡಗಳು ಪ್ಲಾಸ್ಟಿಕ್ಕಿಗಿಂತ ಹೆಚ್ಚು ನೀರು ಕೇಳುತ್ತವೆ. ಪ್ಲಾಸ್ಟಿಕ್ ಉಳಿಸಿ ನೀರು ಕಳೆಯುವುದು ನ್ಯೂಜೆರ್ಸಿಗೆ ಸಣ್ಣ ವಿಷಯ. ಕೋಲಾರದ ನರ್ಸರಿಗೆ ಅಲ್ಲ.

ಮೂರನೆಯದು ಮಣ್ಣಿನೊಳಗಿನ ಲೇವಾದೇವಿ. ಹುಲ್ಲು, ಮರದ ಪುಡಿಯಲ್ಲಿ ಇಂಗಾಲ ವಿಪರೀತ, ಸಾರಜನಕ ಅಷ್ಟಕ್ಕಷ್ಟೆ. ಅದನ್ನು ತಿನ್ನಲು ಬಂದ ಸೂಕ್ಷ್ಮಜೀವಿಗಳು ತಮ್ಮ ಮೈಕಟ್ಟಲು ಬೇಕಾದ ಸಾರಜನಕವನ್ನು ಸುತ್ತಲ ಮಣ್ಣಿನಿಂದ ಸಾಲ ಪಡೆಯುತ್ತವೆ. ಗಿಡದ ಎಲೆ ಹಳದಿಯಾಗುತ್ತದೆ. ಸಗಣಿಯ ಕುಂಡ ಈ ವಿಷಯದಲ್ಲಿ ಸ್ವಾವಲಂಬಿ, ತನ್ನ ಸಾರಜನಕ ತಾನೇ ತಂದಿರುತ್ತದೆ. ಐಯೋವಾ ಸ್ಟೇಟ್‌ನ ವಿಲಿಯಂ ಗ್ರೇವ್ಸ್, ಜೇಮ್ಸ್ ಶ್ರೇಡರ್ ತಂಡ ಸೋಯಾ ಪ್ರೋಟೀನನ್ನು ಜೈವಿಕ ಪ್ಲಾಸ್ಟಿಕ್ಕಿಗೆ ಬೆರೆಸಿ ಮಾಡಿದ ಕುಂಡಗಳೂ ಹಾಗೆಯೇ: ಕರಗುತ್ತ ಗಿಡಕ್ಕೆ ಗೊಬ್ಬರ ಕೊಡುತ್ತವೆ. ಕುಂಡ ಬರೀ ಪಾತ್ರೆಯಲ್ಲ, ತಿಂಡಿಯೂ ಆಗಬಹುದೆಂಬ ಆ ಯೋಚನೆ ನನಗೆ ಈ ಇಡೀ ಸಂಶೋಧನೆಯಲ್ಲೇ ಅತ್ಯಂತ ಚೆಂದದ್ದೆನಿಸುತ್ತದೆ.

ಕೊನೆಗೆ ಹೂಳುವ ಪರೀಕ್ಷೆ. ಕೇಳಲು ಸರಳ: ತುಂಡನ್ನು ತೂಗಿ, ಜಾಲರಿ ಚೀಲದಲ್ಲಿಟ್ಟು ಹೂತು, ತಿಂಗಳುಗಳ ನಂತರ ತೆಗೆದು ತೊಳೆದು ಮತ್ತೆ ತೂಗುವುದು. ಬೇರೆ ಬೇರೆ ಹವೆಯ ರಾಜ್ಯಗಳಲ್ಲಿ ಗಿಡ ನೆಟ್ಟು ನೋಡಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದೇ ಬೇಸಿಗೆಯಲ್ಲಿ ಸಗಣಿಯ ಕುಂಡ ಬಹುಪಾಲು ಮಾಯವಾಗಿತ್ತು. ತೆಂಗಿನ ನಾರಿನದು ಹೆಚ್ಚುಕಡಿಮೆ ಹಾಗೇ ಇತ್ತು. ನಾರಿನ ಕಟ್ಟಡವೇ ಲಿಗ್ನಿನ್. ಅದನ್ನು ಒಡೆಯಬಲ್ಲ ಶಿಲೀಂಧ್ರಗಳು ಕೆಲವೇ, ಅವೂ ನಿಧಾನ. ಆದರೆ ತೂಕ ಕಡಿಮೆಯಾದದ್ದೆಲ್ಲ ಕರಗಿದ್ದೆಂದು ತಿಳಿಯುವಂತಿಲ್ಲ. ಪುಡಿಯಾಗಿ ಜಾಲರಿಯಿಂದ ಸೋರಿರಬಹುದು. ಕೆಲವು ವರ್ಷ ಹಿಂದೆ ನಮ್ಮಲ್ಲೂ ಮಾರುತ್ತಿದ್ದ ಆಕ್ಸೋ ಪ್ಲಾಸ್ಟಿಕ್ ಚೀಲಗಳ ಮೋಸ ಇದೇ. ಕಣ್ಣಿಗೆ ಕಾಣದಷ್ಟು ಚೂರಾಗುವುದನ್ನೇ ಮಣ್ಣಾಗುವುದೆಂದು ನಂಬಿಸಿದರು.

ಹಾಗಾಗಿ ಮಾನದಂಡಗಳು ತೂಕ ಬಿಟ್ಟು ಉಸಿರನ್ನು ಅಳೆಯುತ್ತವೆ. ಅಮೆರಿಕದ ಎಎಸ್‌ಟಿಎಂ ಡಿ6400 ಪ್ರಕಾರ ಪರೀಕ್ಷಿಸುವ ವಸ್ತುವನ್ನು ಮಾಗಿದ ಕಾಂಪೋಸ್ಟಿನೊಡನೆ ಮುಚ್ಚಿದ ಪಾತ್ರೆಯಲ್ಲಿಟ್ಟು, 58 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾಯಿಸಿಟ್ಟು, ಹೊರಬರುವ ಇಂಗಾಲದ ಡೈಆಕ್ಸೈಡನ್ನು ಹಿಡಿದು ಲೆಕ್ಕ ಹಾಕುತ್ತಾರೆ. ವಸ್ತುವಿನಲ್ಲಿದ್ದ ಇಂಗಾಲದ ಶೇ 90 ಭಾಗ 180 ದಿನದೊಳಗೆ ಹೀಗೆ ಉಸಿರಾಗಿ ಬರಬೇಕು. ಇನ್ನೊಂದು ಪರೀಕ್ಷೆಯಲ್ಲಿ 12 ವಾರದ ನಂತರ 2 ಮಿಲಿಮೀಟರ್ ಜರಡಿಯ ಮೇಲೆ ಹತ್ತನೇ ಒಂದು ಭಾಗಕ್ಕಿಂತ ಹೆಚ್ಚು ಉಳಿಯಬಾರದು. ಆ ಕಾಂಪೋಸ್ಟಿನಲ್ಲಿ ಬೀಜ ಬಿತ್ತಿದರೆ ಎಂದಿನಂತೆ ಮೊಳೆಯಬೇಕು. ಪರೀಕ್ಷೆ ಕಟ್ಟುನಿಟ್ಟಿನದು. ಒಂದೇ ತೊಂದರೆ, ಆ 58 ಡಿಗ್ರಿ. ಅದು ದೊಡ್ಡ ಕಾಂಪೋಸ್ಟ್ ರಾಶಿಯ ಹೊಟ್ಟೆಯೊಳಗಿನ ಶಾಖ. ಪ್ರಿನ್ಸ್‌ಟನ್ ಹಿತ್ತಲಿನ ಕೆಂಪು ಜೇಡಿಮಣ್ಣು ಜುಲೈ ತಿಂಗಳಲ್ಲೂ ಅದರ ಅರ್ಧವನ್ನು ದಾಟುವುದು ಕಷ್ಟ, ಜನವರಿಯಲ್ಲಿ ಹೆಪ್ಪುಗಟ್ಟಿರುತ್ತದೆ.

ಮೆಕ್ಕೆಜೋಳದ ಪಿಷ್ಟದಿಂದ ಮಾಡುವ ಪಿಎಲ್‌ಎ ಪ್ಲಾಸ್ಟಿಕ್ ಇಲ್ಲೇ ಸಿಕ್ಕಿಬೀಳುತ್ತದೆ. 60 ಡಿಗ್ರಿಯ ಹತ್ತಿರ ಬಂದಾಗ ಅದರ ಅಣುಸರಪಳಿಗಳು ಸಡಿಲವಾಗಿ ನೀರು ಒಳನುಗ್ಗಿ ಕತ್ತರಿಸುತ್ತದೆ. ತಣ್ಣನೆಯ ತೋಟದ ಮಣ್ಣಿನಲ್ಲಿ ವರ್ಷಗಳ ಕಾಲ ಹಾಗೇ ಬಿದ್ದಿರುತ್ತದೆ. ಕುಂಡದ ತಳದಲ್ಲಿ ‘ಕಾಂಪೋಸ್ಟೆಬಲ್’ ಎಂದು ಅಚ್ಚಾಗಿರುವುದು ಸುಳ್ಳಲ್ಲ. ಆದರೆ ಕೊಂಡವನಿಗೆ ಬೇಕಾದ ಮಾತು ಅದಲ್ಲ. ಹಾಗಾದರೆ ಕಾಂಪೋಸ್ಟ್ ಘಟಕಕ್ಕೇ ಒಯ್ಯೋಣವೆಂದರೆ? ಪ್ರಿನ್ಸ್‌ಟನ್ ಪಟ್ಟಣ 2011ರಲ್ಲಿ ಮನೆಬಾಗಿಲಿನಿಂದ ಹಸಿಕಸ ಸಂಗ್ರಹಿಸಲು ಆರಂಭಿಸಿತು, ನ್ಯೂಜೆರ್ಸಿಯಲ್ಲಿ ಅದೇ ಮೊದಲು. ಕಸವನ್ನು ಒಪ್ಪಿಕೊಳ್ಳುವ ಘಟಕಗಳ ಕೊರತೆ, ಕಸದಲ್ಲಿ ಸೇರಿಬರುವ ಪ್ಲಾಸ್ಟಿಕ್ ಎರಡೂ ಸೇರಿ ಕೆಲವು ವರ್ಷಗಳ ನಂತರ ಅದು ನಿಂತುಹೋಯಿತು. ವಿಶ್ವವಿದ್ಯಾಲಯ ಮಾತ್ರ 2018ರಲ್ಲಿ ಸ್ಕ್ರ್ಯಾಪ್ ಲ್ಯಾಬ್ ಎಂಬ ಹೆಸರಿನಲ್ಲಿ ತನ್ನದೇ ಮುಚ್ಚಿದ ಕಾಂಪೋಸ್ಟ್ ಯಂತ್ರವನ್ನು ಹೂಡಿ, ಊಟದ ಮನೆಯ ಕಸವನ್ನು ಅಲ್ಲೇ ಗೊಬ್ಬರ ಮಾಡಿ, ಏನೇನು ಅದರಲ್ಲಿ ಕರಗುತ್ತದೆ ಎಂದು ಅಳೆಯತೊಡಗಿತು. ಇಂಥ ಯಂತ್ರ ಇರುವ ಕಡೆ ಪಿಎಲ್‌ಎಗೆ ಅರ್ಥವಿದೆ, ಇಲ್ಲದ ಕಡೆ ಅದು ದುಬಾರಿ ಪ್ಲಾಸ್ಟಿಕ್.

ಉತ್ಸಾಹಿಗಳಿಗೆ ಇನ್ನೊಂದು ತಣ್ಣೀರು. ಆಂಡ್ರ್ಯೂ ಕೊಸರ್, ಪ್ರಿನ್ಸ್‌ಟನ್‌ನ ನೆರೆಯ ರಟ್ಗರ್ಸ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞೆ ರಾಬಿನ್ ಬ್ರಮ್‌ಫೀಲ್ಡ್ ಮತ್ತಿತರರು 2014ರಲ್ಲಿ ಒಂದು ಪೆಟೂನಿಯಾ ಗಿಡ ಮಾರಾಟಕ್ಕೆ ಸಿದ್ಧವಾಗುವವರೆಗಿನ ಇಂಗಾಲದ ಲೆಕ್ಕ ಹಾಕಿದರು. ಪ್ಲಾಸ್ಟಿಕ್ ಕುಂಡದ ಪಾಲು ಸುಮಾರು ಶೇ 16. ಅದಕ್ಕಿಂತ ಎಷ್ಟೋ ದೊಡ್ಡ ಪಾಲು ಎಳೆಸಸಿಗಳಿಗೆ ಬೆಳಕು, ನೀರು ಕೊಡುವ ವಿದ್ಯುತ್ತಿನದು. ಹವಾಮಾನದ ಹೆಸರಿನಲ್ಲಿ ಕುಂಡ ಬದಲಿಸಲು ಹೊರಟವರು ಮೊದಲು ದೀಪದ ಸ್ವಿಚ್ ನೋಡಬೇಕು ಅಂತಾಯಿತು. ಕುಂಡದ ನಿಜವಾದ ಅಪರಾಧ ಕಸದ್ದು. ಆ ಅಪರಾಧವೂ ಎಲ್ಲ ಕುಂಡಗಳದ್ದಲ್ಲ: ಪ್ಲೇನ್ಸ್‌ಬರೋದ ಮನೆಯೊಂದರಲ್ಲಿ ಅಕ್ಟೋಬರ್ ಬಂತೆಂದರೆ ಒಳಗೆ, ಮೇ ಬಂತೆಂದರೆ ಹೊರಗೆ ಎಂದು ವರ್ಷಾನುಗಟ್ಟಲೆ ಓಡಾಡುವ ಕರಿಬೇವಿನ ಗಿಡ ಪ್ಲಾಸ್ಟಿಕ್ ಕುಂಡದಲ್ಲಿದ್ದರೆ ಇರಲಿ ಬಿಡಿ.

ಈಗ ಅದೇ ಕನೆಕ್ಟಿಕಟ್ ಸಗಣಿ ಕುಂಡವನ್ನು ಪುತ್ತೂರಿಗೆ ತರೋಣ. ಪ್ರಿನ್ಸ್‌ಟನ್‌ಗೆ ವರ್ಷವಿಡೀ ಹಂಚಿ ಬೀಳುವ ಮಳೆ ಸುಮಾರು 1,200 ಮಿ.ಮೀ. ಇಲ್ಲಿ 3,500 ಮಿ.ಮೀ. ದಾಟುತ್ತದೆ, ಅದರ ಬಹುಪಾಲು ನಾಲ್ಕೇ ತಿಂಗಳಲ್ಲಿ. ಮಣ್ಣು ಎಂದೂ ತಣ್ಣಗಾಗುವುದಿಲ್ಲ. ಒರಲೆ ಕಾದು ಕೂತಿರುತ್ತದೆ. ಅಡಿಕೆಯ ಸಸಿ ಮೊದಲ ಮಡಿಯಿಂದ ಪ್ಲಾಸ್ಟಿಕ್ ತೊಟ್ಟೆಗೆ ಬಂದು ತೋಟದ ಗುಂಡಿಗೆ ಹೋಗುವಾಗ ಅದಕ್ಕೆ 12ರಿಂದ 18 ತಿಂಗಳು. ಅಂದರೆ ಕುಂಡ ಒಂದು ಇಡೀ ಮಳೆಗಾಲವನ್ನು ಹೊರಗೆ ನಿಂತು ದಾಟಬೇಕು. ಕನೆಕ್ಟಿಕಟ್‌ನಲ್ಲಿ ಮೂರು ತಿಂಗಳ ಪೆಟೂನಿಯಾಕ್ಕೆ ಅಳೆದು ಮಾಡಿದ ಕುಂಡ ಇಲ್ಲಿ ಆಷಾಢದ ಮೊದಲ ವಾರದಲ್ಲೇ ಸಗಣಿಯಾಗಿ ಹರಿದುಹೋಗುತ್ತದೆ. ಅಲ್ಲಿ ಕರಗದೆ ಬೈಸಿಕೊಂಡ ತೆಂಗಿನ ನಾರಿನ ಕುಂಡವೇ ಇಲ್ಲಿ ಅಡಿಕೆಗೆ ತಕ್ಕದ್ದು. ರಬ್ಬರಿನ ಹಾಲು ಸಿಂಪಡಿಸಿ ಒತ್ತಿದ ಆ ನಾರು ಲಿಗ್ನಿನ್‌ನ ಬಲದಿಂದ ಮಳೆಗಾಲ ದಾಟುತ್ತದೆ, ಬೇರಿಗೆ ಸಂದು ಬಿಡುತ್ತದೆ, ತೋಟದೊಳಗೆ ಸಾವಕಾಶವಾಗಿ ಮಣ್ಣಾಗುತ್ತದೆ. ನಾರು ನಮ್ಮಲ್ಲೇ ಇದೆ. ಕಾಯರ್ ಬೋರ್ಡಿನ ತಂತ್ರಜ್ಞಾನ ಸಂಸ್ಥೆ ಬೆಂಗಳೂರಿನ ಪೀಣ್ಯದಲ್ಲೇ ಇದೆ. ಆದರೂ ಭಾರತ, ಶ್ರೀಲಂಕಾದ ನಾರಿನ ಕುಂಡಗಳು ಅಮೆರಿಕದ ಅಂಗಡಿಗಳಲ್ಲಿ ಸಿಗುವಷ್ಟು ಸಲೀಸಾಗಿ ಪುತ್ತೂರಿನ ನರ್ಸರಿಗಳಲ್ಲಿ ಕಾಣುವುದಿಲ್ಲ. ಪ್ಲಾಸ್ಟಿಕ್ ತೊಟ್ಟೆಯ ಮುಂದೆ ಅದರ ಬೆಲೆ ನಿಲ್ಲುವುದಿಲ್ಲ.

ಕಾಫಿಯ ಕಥೆ ಬೇರೆ. ಡಿಸೆಂಬರ್-ಜನವರಿಯಲ್ಲಿ ಬಿತ್ತಿದ ಬೀಜ ಟೋಪಿ ಹೊತ್ತು ಮೇಲೆದ್ದಾಗ ಪಾಲಿಥಿನ್ ಚೀಲಕ್ಕೆ ಹೋಗಿ, ಬೇಗ ನೆಡುವವರ ಕೈಯಲ್ಲಿ ಅದೇ ವರ್ಷದ ಮುಂಗಾರಿಗೆ ತೋಟ ಸೇರುತ್ತದೆ. ಚೀಲದ ತಳದಲ್ಲಿ ಸುರುಳಿಯಾದ ತಾಯಿಬೇರನ್ನು ಕತ್ತರಿಸಿ, ಚೀಲ ಸೀಳಿ ತೆಗೆದು ನೆಡಬೇಕೆಂಬುದು ನಿಯಮ. ಸಂಜೆ ಮಳೆಯಲ್ಲಿ ಅವಸರದ ಕೈಗಳು ಚೀಲ ಸಮೇತ ಗುಂಡಿಗಿಳಿಸುವುದೂ, ಸೀಳಿದ ಚೀಲಗಳು ತೋಡು ಸೇರುವುದೂ ಬೆಳೆಗಾರರಿಗೆಲ್ಲ ಗೊತ್ತಿರುವ ಸಂಗತಿ. ಪಾಲಿಥಿನ್ ಬರುವ ಮೊದಲು ಬಿದಿರಿನ ಬುಟ್ಟಿಗಳಲ್ಲೂ ಕಾಫಿ ಸಸಿ ಎಬ್ಬಿಸುತ್ತಿದ್ದರು. ಆರು ತಿಂಗಳ ಆಯುಸ್ಸಿನ ಕುಂಡ ಸಾಕಾಗುವ ಇಲ್ಲಿ ಸಗಣಿ ಮತ್ತು ನಾರು ಬೆರೆತ ಅಚ್ಚು ಪ್ರಯತ್ನಿಸಲು ಯೋಗ್ಯ. ಮಾರ್ಚಿನಿಂದ ಜೂನಿನವರೆಗೆ ಚಪ್ಪರದ ನೆರಳಲ್ಲಿ ಅದಕ್ಕೆ ಬೀಳುವುದು ಹೆಚ್ಚಾಗಿ ಕೈನೀರೇ.

ಕುಂಡವೇ ಬೇಡವೆನ್ನುವ ದಾರಿಯೂ ಉಂಟು. ಅಮೆರಿಕದ ಮೇನ್ ರಾಜ್ಯದ ಸಾವಯವ ಕೃಷಿಕ ಎಲಿಯಟ್ ಕೋಲ್ಮನ್ ಜನಪ್ರಿಯಗೊಳಿಸಿದ ಮಣ್ಣಿನ ಇಟ್ಟಿಗೆಗಳಲ್ಲಿ, ಒದ್ದೆ ಮಣ್ಣು-ಗೊಬ್ಬರದ ಮಿಶ್ರಣವನ್ನು ಅಚ್ಚಿನಿಂದ ಒತ್ತಿ ಬಿಡಿಬಿಡಿಯಾಗಿ ಇಟ್ಟು ಬೀಜ ಹಾಕುತ್ತಾರೆ. ಗೋಡೆ ಇಲ್ಲ, ಬೇರೇ ಹಿಡಿದುಕೊಳ್ಳುತ್ತದೆ. ಟೊಮೆಟೊ, ಬದನೆಯಂಥ ಕೆಲವು ವಾರಗಳ ಸಸಿಗೆ ಇದಕ್ಕಿಂತ ಅಗ್ಗದ್ದಿಲ್ಲ. ಲಾರಿಯ ಕುಲುಕಾಟವನ್ನು ಮಾತ್ರ ಅದು ತಾಳದು. ಮರದ ಸಸಿಗಳಿಗೆ ಅರಣ್ಯ ಇಲಾಖೆಗಳು ಬಳಸುವ ಗಟ್ಟಿ ಪ್ಲಾಸ್ಟಿಕ್ಕಿನ ರೂಟ್ ಟ್ರೇನರ್‌ಗಳು ಇನ್ನೊಂದು ದಾರಿ. ಒಳಗಿನ ಉದ್ದಗೆರೆಗಳು ಬೇರನ್ನು ನೇರ ಕೆಳಗಿಳಿಸುತ್ತವೆ, ತಟ್ಟೆ ಮರಳಿ ನರ್ಸರಿಗೆ ಬಂದು ಮುಂದಿನ ವರ್ಷವೂ ದುಡಿಯುತ್ತದೆ. ಕರಗುವುದೇ ಪರಿಹಾರ ಎಂದು ಹಟ ಹಿಡಿದವರಿಗೆ ಇದು ರುಚಿಸುವುದಿಲ್ಲ. ನನಗಂತೂ ಹತ್ತು ಸಲ ಬಳಸುವ ಪ್ಲಾಸ್ಟಿಕ್, ಒಂದೇ ಸಲಕ್ಕೆ ಮುಗಿಯುವ ಪೀಟ್‌ಗಿಂತ ಮೇಲು.

ಕಿಂಗ್‌ಸ್ಟನ್ನಿನ ಗೋಣಿಗೆ ಆಮೇಲೆ ಏನಾಯಿತೆಂದರೆ, ಅಂಗಳದಲ್ಲಿ ಹೆಚ್ಚು ದಿನ ನಿಲ್ಲಲೆಂದು ಕೆಲವರು ಅದಕ್ಕೆ ತಾಮ್ರದ ಲವಣ ಹಚ್ಚಿದರು, ಇನ್ನು ಕೆಲವರು ಗೋಣಿಯಂತೆಯೇ ಕಾಣುವ ಪ್ಲಾಸ್ಟಿಕ್ ಬಟ್ಟೆ ತಂದರು. ಸೊರಗಿದ ಮರವನ್ನು ವರ್ಷಗಳ ನಂತರ ಅಗೆದರೆ ಕರಗದ ಬಟ್ಟೆ ಬೇರನ್ನು ಬಿಗಿದಿರುವುದು ಅಲ್ಲಿನ ಮರವೈದ್ಯರಿಗೆ ಪರಿಚಿತ ದೃಶ್ಯ. ಮಾರುವವನಿಗೆ ನಿಲ್ಲುವುದು ಬೇಕು, ನೆಡುವವನಿಗೆ ಕರಗುವುದು ಬೇಕು. ದುಡ್ಡು ಕೊಟ್ಟು ಕುಂಡ ಕೊಳ್ಳುವವನು ಮಾರುವವನೇ. ನಮ್ಮಲ್ಲಿ ಹಾಗಲ್ಲ. ಅರಣ್ಯ ಇಲಾಖೆ, ತೋಟಗಾರಿಕೆ ಇಲಾಖೆಗಳು ಸಸಿ ಬೆಳೆಸುವವೂ ಹೌದು, ತಮ್ಮದೇ ನೆಡುತೋಪುಗಳಲ್ಲಿ ನೆಡುವವೂ ಹೌದು. ನರ್ಸರಿ ಚೀಲದ ಟೆಂಡರಿನಲ್ಲಿ ಇಂದು ಬರೆಯುವುದು ಉದ್ದ, ಅಗಲ, ಗೇಜು. ಅದರ ಜೊತೆಗೆ ಎಷ್ಟು ತಿಂಗಳು ಮಳೆಯಲ್ಲಿ ನಿಲ್ಲಬೇಕು, ನೆಟ್ಟ ಎಷ್ಟು ತಿಂಗಳಿಗೆ ಬೇರು ಗೋಡೆ ದಾಟಿರಬೇಕು, ಯಾವ ಜಿಲ್ಲೆಯ ಮಣ್ಣಿನಲ್ಲಿ ಹೂತು ಪರೀಕ್ಷಿಸಬೇಕು ಎಂಬ ಮೂರು ಸಾಲು ಸೇರಿಸುವ ಅಧಿಕಾರ ಅವರಿಗಿದೆ. ಪ್ರಿನ್ಸ್‌ಟನ್ನಿನ ಗಿಡದಂಗಡಿಗೆ ಇಲ್ಲದ ಅನುಕೂಲ ಅದು. 2016ರ ವಿನಾಯಿತಿ ಮುಂದುವರಿದಿರುವವರೆಗೆ ಆ ಮೂರು ಸಾಲು ಬರೆಯಬೇಕಾದ ಅಗತ್ಯ ಯಾರಿಗೂ ಬೀಳುವುದಿಲ್ಲ.